ಗ್ರಾಂ ಲೆಕ್ಕ, ಕಿಲೋ ಲೆಕ್ಕ

ನಾಸಿಕದ ಬುಧವಾರದ ಸಂತೆಯಲ್ಲಿ ಬೆಳ್ಳುಳ್ಳಿ ಮಾರುವವರು ಬೆಲೆ ಕೂಗುವುದು ‘ಪಾವ್‌’ ಲೆಕ್ಕದಲ್ಲಿ. ಹಳೇ ಮೈಸೂರಿನಲ್ಲಿ ಅಕ್ಕಿ ಅಳೆಯುವ ಪಾವು ಬೇರೆ. ಇಲ್ಲಿ ಪಾವ್ ಎಂದರೆ ಕಾಲು ಕಿಲೋ, 250 ಗ್ರಾಂ. ಒಬ್ಬರು ಹಾಗೆ ಕೂಗಿದರೆ ಪಕ್ಕದವರೂ ಹಾಗೆಯೇ ಕೂಗುತ್ತಾರೆ. ಹೀಗಾಗಿ ಓದು ಬಾರದ ಅಜ್ಜಿಗೂ ಸಾಲಿನುದ್ದಕ್ಕೆ ನಡೆದರೆ ಸಾಕು, ಎಲ್ಲಿ ಅಗ್ಗ ಎಂಬುದು ತಿಳಿದುಹೋಗುತ್ತದೆ. ಛತ್ರಪತಿ ಸಂಭಾಜಿನಗರದ ತರಕಾರಿ ಗಾಡಿಗಳ ಮುಂದೆಯೂ ಇದೇ ಮಾತು. ಮೆಂತ್ಯ, ಕೊತ್ತಂಬರಿಯ ‘ಜೂಡಿ’ಗೆ ಮಾತ್ರ ತೂಕವಿಲ್ಲ, ಕಟ್ಟನ್ನು ಕೈಯಲ್ಲಿ ಹಿಡಿದು ನೋಡಿಯೇ ನಿರ್ಧರಿಸಬೇಕು.

ಅದೇ ಅಜ್ಜಿ ಸೂಪರ್‌ಮಾರ್ಕೆಟ್‌ ಹೊಕ್ಕರೆ ಈ ಜಾಣ್ಮೆ ಕೆಲಸಕ್ಕೆ ಬಾರದು. ಬಿಸ್ಕತ್ತು, ಚಹಾ, ಖಾದ್ಯತೈಲದಂಥ 19 ಬಗೆಯ ಸರಕುಗಳನ್ನು ಗೊತ್ತುಪಡಿಸಿದ ತೂಕದಲ್ಲೇ ಕಟ್ಟಬೇಕೆಂಬ ನಿಯಮ ಮೊದಲು ಇತ್ತು. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪೊಟ್ಟಣ ಸರಕುಗಳ ನಿಯಮಕ್ಕೆ ತಿದ್ದುಪಡಿ ತಂದು ಆ ಪಟ್ಟಿಯನ್ನು ತೆಗೆದುಹಾಕಿತು. ಅದಕ್ಕೆ ಬದಲಾಗಿ ಕೊಟ್ಟದ್ದು, ಪೊಟ್ಟಣದ ಮೇಲೆ ‘ಯೂನಿಟ್ ಸೇಲ್ ಪ್ರೈಸ್‌’, ಅಂದರೆ ಒಂದು ಅಳತೆಯ ಬೆಲೆ, ಮುದ್ರಿಸಬೇಕೆಂಬ ಕಡ್ಡಾಯ ನಿಯಮ. ಆಶಯ ಒಳ್ಳೆಯದು, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಅದನ್ನು ರೂಪಿಸಿದ ಬಗೆಯಲ್ಲಿ ಕೊಳ್ಳುವವರ ಕಷ್ಟದ ಅರಿವು ಕಾಣುವುದಿಲ್ಲ.

ನಿಯಮದ ಪ್ರಕಾರ, ಒಂದು ಕಿಲೋಗಿಂತ ಕಡಿಮೆಯಿದ್ದರೆ ಬೆಲೆ ಗ್ರಾಂ ಲೆಕ್ಕದಲ್ಲಿ, ಹೆಚ್ಚಿದ್ದರೆ ಕಿಲೋ ಲೆಕ್ಕದಲ್ಲಿ. ಅರ್ಧ ಕಿಲೋ ಪೊಟ್ಟಣವನ್ನು ಎರಡು ಕಿಲೋ ಚೀಲದೊಂದಿಗೆ ಹೋಲಿಸಬೇಕಾದರೆ ಸಾವಿರದಿಂದ ಗುಣಿಸಬೇಕು. ಅದಕ್ಕಿಂತ ದೊಡ್ಡ ದೋಷ ಪೈಸೆಗೆ ಸರಿಹೊಂದಿಸುವಲ್ಲಿದೆ. ಅರ್ಧ ಕಿಲೋ ಅವಲಕ್ಕಿ ಒಂದು ಕಂಪನಿಯದು 28 ರೂಪಾಯಿ, ಇನ್ನೊಂದರದು 32 ಎಂದಿಟ್ಟುಕೊಳ್ಳಿ. ಗ್ರಾಂಗೆ ಮೊದಲನೆಯದು 0.056, ಎರಡನೆಯದು 0.064. ಎರಡು ದಶಮಾಂಶಕ್ಕೆ ಇಳಿಸಿದಾಗ ಎರಡೂ ಪೊಟ್ಟಣದ ಮೇಲೆ 0.06 ಎಂದೇ ಅಚ್ಚಾಗುತ್ತದೆ. ಕಿಲೋಗೆ ಎಂಟು ರೂಪಾಯಿಯ ವ್ಯತ್ಯಾಸ ಮಾಯ! ಹೋಲಿಕೆಗೆಂದೇ ತಂದ ಅಂಕಿ ಹೋಲಿಕೆಯನ್ನೇ ಅಳಿಸಿಹಾಕಿದರೆ ಅದನ್ನು ಸಣ್ಣ ಲೋಪ ಎನ್ನಲಾಗದು.

ಅಚ್ಚಾಗುವುದು ಗರಿಷ್ಠ ಮಾರಾಟ ಬೆಲೆಯ ಲೆಕ್ಕ. ಎಂಆರ್‌ಪಿಗಿಂತ ಕಡಿಮೆಗೆ ಮಾರುವ ಅಂಗಡಿಯಲ್ಲಿ ಬಿಲ್ಲಿಗೂ ಆ ಅಂಕಿಗೂ ಸಂಬಂಧವಿರುವುದಿಲ್ಲ. 10 ಗ್ರಾಂ ಅಥವಾ 10 ಮಿಲಿಲೀಟರ್‌ವರೆಗಿನ ಬಹುತೇಕ ಪೊಟ್ಟಣಗಳಿಗೆ ಈ ನಿಯಮಗಳಿಂದಲೇ ವಿನಾಯಿತಿ ಇದೆ. ಅಂದರೆ ದಿನಗೂಲಿಯವರು ಕೊಳ್ಳುವ ಶಾಂಪೂ ಸ್ಯಾಶೆಗೆ ಈ ಲೆಕ್ಕವೇ ಇಲ್ಲ. ನನಗೆ ಹೆಚ್ಚು ನೋವಾಗುವುದು ಇಲ್ಲಿಯೇ.

ಎಣ್ಣೆಯ ವಿಷಯ ಇನ್ನೂ ಸೂಕ್ಷ್ಮ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಸುಮಾರು 919 ಗ್ರಾಂ ತೂಗುತ್ತದೆ, 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ. ಹೆಚ್ಚಿನ ತಾಪಮಾನ ನಮೂದಿಸಿ ಕಡಿಮೆ ತೂಕ ತುಂಬಲು ಇದು ದಾರಿಯಾಗಿತ್ತು. 2022ರ ಆಗಸ್ಟ್‌ನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ, ತಾಪಮಾನದ ಉಲ್ಲೇಖ ಬಿಟ್ಟು ಪ್ರಮಾಣ ಮುದ್ರಿಸಿ, ಜೊತೆಗೆ ತೂಕವನ್ನೂ ತಿಳಿಸಿ ಎಂದು ತಯಾರಕರಿಗೆ ಹೇಳಿತು. ಅದು ಸರಿಯಾದ ಹೆಜ್ಜೆ. ಆದರೆ ಗೊತ್ತುಪಡಿಸಿದ ತೂಕದ ಪಟ್ಟಿ ಹೋದ ಮೇಲೆ ಚೀಲದಲ್ಲಿ ಎಣ್ಣೆ ಕಡಿಮೆಯೂ ಇರಬಹುದು; ಲೀಟರ್ ಚೀಲದಂತೆಯೇ ಕಾಣುವ ಚೀಲ ಕೈಗೆ ಬಂದರೆ ಗ್ರಾಂ ನೋಡಿ.

ಜರ್ಮನಿಯಲ್ಲಿ ಸಣ್ಣ ಪೊಟ್ಟಣಗಳಿಗೆ 100 ಗ್ರಾಂ ಲೆಕ್ಕದ ಬೆಲೆ ತೋರಿಸಲು ಅವಕಾಶವಿತ್ತು. 2022ರ ಮೇ 28ರಿಂದ ಅಲ್ಲಿ ಕಿಲೋ, ಲೀಟರ್ ಲೆಕ್ಕವೇ ಸಾಮಾನ್ಯ ನಿಯಮ. ನಾಸಿಕದ ಸಂತೆಗೆ ಇದು ಮೊದಲೇ ಗೊತ್ತಿತ್ತು: ಎಲ್ಲರ ಅಳತೆಯೂ ಒಂದೇ ಆಗಿರಬೇಕು. ನಮ್ಮ ನಿಯಮವೂ ಪೊಟ್ಟಣ ಎಷ್ಟೇ ಚಿಕ್ಕದಿರಲಿ ಕಿಲೋ ಮತ್ತು ಲೀಟರ್ ಬೆಲೆಯನ್ನೇ ಕೇಳಲಿ; ಅದನ್ನು ಅಂಗಡಿಯ ಕಪಾಟಿನ ಮೇಲೂ ದಪ್ಪಕ್ಷರದಲ್ಲಿ ಬರೆಸಲಿ. ಅಲ್ಲಿಯವರೆಗೆ ಮೊಬೈಲಿನಲ್ಲಿ ಬೆಲೆಯನ್ನು ಗ್ರಾಂನಿಂದ ಭಾಗಿಸಿ, ಸಾವಿರದಿಂದ ಗುಣಿಸಿ ನೋಡಿ. ಮುದ್ರಿಸಬೇಕಾದ ಬೆಲೆ ಪೊಟ್ಟಣದ ಮೇಲೆ ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ.