ನಾಲ್ಕು ಸ್ಕ್ರೂಗಳ ಗಿಟಾರು

ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದ ಮನುಷ್ಯ ಆತ. ಸಂಗೀತಗಾರರು ತರುತ್ತಿದ್ದ ಆಂಪ್ಲಿಫೈಯರ್‌ಗಳನ್ನು ಬಿಚ್ಚಿ, ಬೆಸುಗೆ ಹಾಕಿ, ಮುಚ್ಚಿ ಕೊಡುತ್ತ ಕೊಡುತ್ತ ಕೊನೆಗೆ ವಾದ್ಯವನ್ನೇ ಮಾಡಲು ಕುಳಿತ. 1950ರಲ್ಲಿ ಆತನ ಕಾರ್ಖಾನೆಯಿಂದ ಹೊರಬಂದು, ಮರುವರ್ಷ ಟೆಲಿಕ್ಯಾಸ್ಟರ್ ಎಂಬ ಹೆಸರು ಪಡೆದ ಗಿಟಾರಿನ ಬಗ್ಗೆ ಅಂದಿನಿಂದ ರಾಶಿ ರಾಶಿ ಬರೆದಿದ್ದಾರೆ. ಅದರಲ್ಲಿ ಹೆಚ್ಚಿನದು ಮರ, ಪಾಲಿಶು, ಹಳೆತನ ಇವುಗಳ ಆರಾಧನೆ. ನನಗೆ ಈ ವಾದ್ಯದಲ್ಲಿ ಕಾಣುವುದು ರಿಪೇರಿಯವನ ಬುದ್ಧಿ. ಇದು ಇಂದಲ್ಲ ನಾಳೆ ಕೆಡುತ್ತದೆ, ಕೆಟ್ಟಾಗ ಯಾರಾದರೂ ಬಿಚ್ಚಬೇಕಾಗುತ್ತದೆ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಗಿಟಾರು ಇದು.

ಟೊಳ್ಳು ಗಿಟಾರಿಗೆ ಪಿಕಪ್ ಕೂಡಿಸಿ ವಾಲ್ಯೂಮ್ ಏರಿಸಿದರೆ, ಸ್ಪೀಕರಿನ ಸದ್ದಿಗೆ ಅದರ ಹೊಟ್ಟೆಯೇ ನಡುಗಿ ಊಳಿಡುತ್ತದೆ. ಸಭೆಗಳಲ್ಲಿ ಮೈಕ್ ಟೆಸ್ಟಿಂಗ್ ಹೊತ್ತಿಗೆ ನಾವು ಕಿವಿ ಮುಚ್ಚಿಕೊಳ್ಳುವ ಅದೇ ಕೂಗು. ಹೊಟ್ಟೆಯೇ ಇಲ್ಲದ ಸಾಲಿಡ್ ಬಾಡಿ ಇದಕ್ಕೆ ಪರಿಹಾರ. ಅದನ್ನು ಮೊದಲು ಕಂಡುಕೊಂಡವನು ಫೆಂಡರ್ ಅಲ್ಲ. ತೊಡೆಯ ಮೇಲಿಟ್ಟು ನುಡಿಸುವ ರಿಕನ್‌ಬ್ಯಾಕರ್ ಕಂಪನಿಯ ಅಲ್ಯೂಮಿನಿಯಂ ಗಿಟಾರು 1930ರ ದಶಕದಲ್ಲೇ ಬಂದಿತ್ತು. ಆಕಾರ ನೋಡಿ ಜನ ಅದಕ್ಕೆ ಬಾಣಲೆ ಎಂದೇ ಹೆಸರಿಟ್ಟಿದ್ದರು. ಆರು ಬಿರಡೆಗಳನ್ನು ಒಂದೇ ಸಾಲಿನಲ್ಲಿ ಇಡುವುದೂ ಆತನ ಸ್ವಂತದ್ದಲ್ಲ. ಪಾಲ್ ಬಿಗ್ಸ್‌ಬಿ 1948ರಲ್ಲಿ ಮರ್ಲ್ ಟ್ರಾವಿಸ್‌ಗೆ ಮಾಡಿಕೊಟ್ಟ ಗಿಟಾರಿನಲ್ಲಿ ಅದು ಆಗಲೇ ಇತ್ತು.

ಫೆಂಡರ್‌ನದೇ ಎನ್ನಬಹುದಾದದ್ದು ಜೋಡಣೆಯ ಬಗೆ. ಒಂದೂಮುಕ್ಕಾಲು ಇಂಚು ದಪ್ಪದ ಆಶ್ ಮರದ ಹಲಗೆ, ಮೇಪಲ್ ಮರದ ಒಂದೇ ತುಂಡಿನ ಕತ್ತು, ಎರಡನ್ನೂ ಸೇರಿಸುವ ನಾಲ್ಕು ಸ್ಕ್ರೂ. ಗೋಂದಿಲ್ಲ. ಅತ್ತ ಗಿಬ್ಸನ್ ಕಂಪನಿ ಪಿಟೀಲಿನ ಮನೆತನದವರ ಹಾಗೆ ಮೇಲ್ಮೈಯನ್ನು ಉಬ್ಬಾಗಿ ಕೆತ್ತಿ, ಕತ್ತನ್ನು ಅಂಟಿಸಿ, ತಲೆಯನ್ನು ಹಿಂದಕ್ಕೆ ಬಾಗಿಸುತ್ತಿತ್ತು. ಚೆಂದವೇನೋ ಹೌದು. ಆದರೆ ಕೆಳಗೆ ಬಿದ್ದರೆ ಮುರಿಯುವುದು ಸರಿಯಾಗಿ ಅಲ್ಲೇ. ಫೆಂಡರ್ ಗಿಟಾರಿನ ತಲೆ ಬಾಗಿಲ್ಲ, ಕತ್ತಿನ ಹಲಗೆಯಿಂದಲೇ ಕೊಯ್ದದ್ದು. ದೋಣಿಯ ಹುಟ್ಟು ಎಂದು ಆಗಿನ ಗಿಟಾರ್ ಕಂಪನಿಗಳವರು ನಕ್ಕರಂತೆ. ನಕ್ಕವರಲ್ಲೊಬ್ಬರಾದ ಗಿಬ್ಸನ್‌ನವರೇ 1952ರಲ್ಲಿ ತಮ್ಮ ಸಾಲಿಡ್ ಬಾಡಿ ಗಿಟಾರನ್ನು ಲೆಸ್ ಪಾಲ್ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟರು.

ನನ್ನಲ್ಲಿರುವುದು ಪುಣೆಯಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ ಅಗ್ಗದ ನಕಲು. ತಂತಿಗಳು ಮೇಲೆದ್ದು ಬೆರಳು ನೋಯತೊಡಗಿದಾಗ ಮನೆಯ ಸ್ಕ್ರೂಡ್ರೈವರಿನಿಂದಲೇ ಕತ್ತು ಬಿಚ್ಚಿ, ಹಳೆಯ ವಿಸಿಟಿಂಗ್ ಕಾರ್ಡಿನ ಚೂರೊಂದನ್ನು ಸಂದಿಗೆ ಇಟ್ಟು ಬಿಗಿದೆ. ಅರ್ಧ ಗಂಟೆಯ ಕೆಲಸ. ಫೆಂಡರ್ ಕಾರ್ಖಾನೆಯಲ್ಲೂ ಹೀಗೆ ತೆಳ್ಳನೆಯ ಚೂರು ಇಡುತ್ತಿದ್ದರು.

ಹಾಗೆಂದು ಎಲ್ಲವೂ ಸರಿಯಿತ್ತು ಎನ್ನಲಾರೆ. ಬ್ರಿಜ್ ನೋಡಿ. ಆರು ತಂತಿಗೆ ಮೂರೇ ಆಸರೆ, ಒಂದೊಂದರ ಮೇಲೆ ಎರಡೆರಡು ತಂತಿ. ಒಂದೊಂದು ತಂತಿಯ ಉದ್ದವನ್ನೂ ಅದರ ದಪ್ಪಕ್ಕೆ ತಕ್ಕಂತೆ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿದರೆ ಮಾತ್ರ ಮೇಲಿನ ಮನೆಗಳ ಸ್ವರ ಶ್ರುತಿಗೆ ಕೂರುತ್ತದೆ. ಜೋಡಿಗೆ ಒಂದೇ ಆಸರೆಯಾದರೆ ಒಂದನ್ನು ಸರಿಪಡಿಸಿದಾಗ ಪಕ್ಕದ್ದು ತಪ್ಪುತ್ತದೆ. 1950ರಲ್ಲಿ ಇದು ಅಷ್ಟಾಗಿ ಕಿವಿಗೆ ಬೀಳುತ್ತಿರಲಿಲ್ಲ, ಏಕೆಂದರೆ ಆಗ ಮೂರನೆಯ ತಂತಿಯಾಗಿ ಸಾಮಾನ್ಯವಾಗಿ ಸುತ್ತು ತಂತಿಯನ್ನೇ ಹಾಕುತ್ತಿದ್ದರು. ನಾಲ್ಕನೆಯದಕ್ಕೂ ಅದಕ್ಕೂ ಹೊಂದಾಣಿಕೆಯಿತ್ತು. ತಂತಿ ಎಳೆದು ಬಗ್ಗಿಸುವ ವಾದಕರು ಮೂರನೆಯದಕ್ಕೂ ತೆಳ್ಳನೆಯ ಸಾದಾ ತಂತಿ ಹಾಕತೊಡಗಿದ ಮೇಲೆ ಗುಟ್ಟು ರಟ್ಟಾಯಿತು. ಈ ಕುಂದನ್ನೇ ಟೆಲಿಕ್ಯಾಸ್ಟರಿನ ಜೀವ ಎಂದು ಹೊಗಳುವವರಿದ್ದಾರೆ. ಹಿತ್ತಾಳೆ ಆಸರೆಯ ಸದ್ದಿನಲ್ಲಿ ಏನೋ ಇದೆ ಎಂದರೆ ಒಪ್ಪೋಣ. ಆದರೆ 1954ರ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಆರು ತಂತಿಗೆ ಆರು ಆಸರೆ ಕೊಟ್ಟದ್ದು ಇದೇ ಫೆಂಡರ್. ಮಾಡಿದವನೇ ತಿದ್ದಿಕೊಂಡದ್ದನ್ನು ಭಕ್ತರು ಪೂಜಿಸುತ್ತಾರೆ.

ಸ್ವಿಚ್ಚಿನದೂ ಹೆಚ್ಚುಕಡಿಮೆ ಇದೇ ಕಥೆ. ಮೂರು ನೆಲೆಗಳಲ್ಲಿ ಒಂದನ್ನು ಬೇಸ್‌ನಂಥ ಮಂದ ಸದ್ದಿಗೆ ಮೀಸಲಿಟ್ಟಿದ್ದರು, ಕೇಳಿದವರು ಕಡಿಮೆ. ಎಷ್ಟೋ ವಾದಕರು ತಾವೇ ವೈರು ಬದಲಿಸಿಕೊಂಡರು. ಕಂಪನಿ ಬದಲಿಸಿದ್ದು 1967ರಲ್ಲಿ.

ಹೆಸರಿನದು ಇನ್ನೂ ಸ್ವಾರಸ್ಯ. ಎರಡು ಪಿಕಪ್‌ಗಳ ಈ ಗಿಟಾರು ಮೊದಲು ಬ್ರಾಡ್‌ಕ್ಯಾಸ್ಟರ್ ಎಂದು ಬಂತು. ಅದೇ ಉಚ್ಚಾರದ ಹೆಸರು ತಮ್ಮ ಡ್ರಮ್‌ಗಳಿಗಿದೆ ಎಂದು ಗ್ರೆಚ್ ಕಂಪನಿ 1951ರಲ್ಲಿ ತಕರಾರು ತೆಗೆಯಿತು. ಫೆಂಡರ್‌ನವರು ಅಚ್ಚಾಗಿದ್ದ ಲೇಬಲ್‌ಗಳನ್ನು ಎಸೆಯಲಿಲ್ಲ. ಕತ್ತರಿ ತೆಗೆದುಕೊಂಡು ಬ್ರಾಡ್‌ಕ್ಯಾಸ್ಟರ್ ಎಂಬಷ್ಟನ್ನು ಕತ್ತರಿಸಿ, ಉಳಿದ ಫೆಂಡರ್ ಎಂಬುದನ್ನು ಅಂಟಿಸಿ ಕಳಿಸಿದರು. ಲೇಬಲ್ ದಂಡವಾಗಬಾರದೆಂದು ಮಾಡಿದ ಆ ಕೆಲವು ತಿಂಗಳ ಗಿಟಾರುಗಳಿಗೆ ಈಗ ನೋಕ್ಯಾಸ್ಟರ್ ಎಂಬ ಬಿರುದು. ಒಂದನ್ನು ಕೊಳ್ಳಬೇಕೆಂದರೆ ನಮ್ಮಲ್ಲಿ ಫ್ಲ್ಯಾಟಿಗೆ ಕಟ್ಟುವ ಮುಂಗಡದಷ್ಟು ಹಣ ಬೇಕು.

ನನ್ನ ತಕರಾರು ಬೆಲೆಯ ಬಗ್ಗೆ ಅಲ್ಲ, ಬೆಲೆ ಕಟ್ಟುವ ಕ್ರಮದ ಬಗ್ಗೆ. ಹಳೆಯ ಟೆಲಿಕ್ಯಾಸ್ಟರಿಗೆ ಹೊಸ ಬಣ್ಣ ಹೊಡೆದಿದ್ದರೆ, ಪಿಕಪ್ ಬದಲಿಸಿದ್ದರೆ, ಕತ್ತು ಬೇರೆಯದಾಗಿದ್ದರೆ ಬೆಲೆ ಇಳಿಯುತ್ತದೆ. ಅಂದರೆ ಬದಲಿಸಲೆಂದೇ ಮಾಡಿದ ವಸ್ತುವಿನಲ್ಲಿ ಏನನ್ನೂ ಬದಲಿಸದೆ ಇಟ್ಟವನಿಗೆ ಬಹುಮಾನ. ಇದಕ್ಕಿಂತ ತಮಾಷೆ ಸವೆತದ್ದು. ಮೇಪಲ್ ಕತ್ತಿನ ಮೇಲಿನ ಲ್ಯಾಕರ್ ಬೆರಳಿನ ಜಾಗದಲ್ಲಿ ಸವೆದು ಕೊಳಕಾಗಿ ಕಾಣುವುದು ಲಿಯೊ ಫೆಂಡರ್‌ಗೆ ಹಿಡಿಸಲಿಲ್ಲವೆಂದೇ 1959ರಲ್ಲಿ ಟೆಲಿಕ್ಯಾಸ್ಟರಿಗೆ ರೋಸ್‌ವುಡ್ ಬೆರಳುಹಲಗೆ ಬಂತು ಎನ್ನುತ್ತಾರೆ. ಮೊದಲು ಬ್ರೆಜಿಲಿನದು, ಆಮೇಲೆ ಇಂಡಿಯನ್ ರೋಸ್‌ವುಡ್, ಅಂದರೆ ನಮ್ಮ ಮಲೆನಾಡಿನವರು ಬೀಟೆ ಎನ್ನುವ ಮರ. ಆ ಸವೆತವನ್ನು ಮುಚ್ಚಲು ಹೊರಟವನ ಹೆಸರಿನ ಕಂಪನಿಯೇ 1990ರ ದಶಕದಿಂದ ಹೊಚ್ಚಹೊಸ ಗಿಟಾರುಗಳನ್ನು ಉಜ್ಜಿ, ಗೀರಿ, ತುಕ್ಕು ಹಿಡಿಸಿ ಹೆಚ್ಚಿನ ಬೆಲೆಗೆ ಮಾರುತ್ತಿದೆ. ಮತ್ತೊಬ್ಬರು ಮೂವತ್ತು ವರ್ಷ ನುಡಿಸಿದ ಬೆವರನ್ನು ಇಎಂಐ ಮೇಲೆ ಕೊಂಡಂತಾಯಿತು.

ನುಡಿಸಿ ಹೆಸರು ಮಾಡಿದವರು ಏನು ಮಾಡಿದರು? ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1975ರ 'ಬಾರ್ನ್ ಟು ರನ್' ಆಲ್ಬಮ್ಮಿನ ಹೊದಿಕೆಯಲ್ಲಿ ಹಿಡಿದಿರುವುದು ಒಂದು ಗಿಟಾರಿನ ದೇಹಕ್ಕೆ ಇನ್ನೊಂದರ ಕತ್ತು ಕೂಡಿಸಿದ್ದು. ಸಂಗ್ರಹಕಾರರ ತಕ್ಕಡಿಯಲ್ಲಿ ಅದು ಅಸಲಿಯೇ ಅಲ್ಲ. ಕೀತ್ ರಿಚರ್ಡ್ಸ್ ಅವರ 1953ರ ಟೆಲಿಕ್ಯಾಸ್ಟರಿನಲ್ಲಿ ಕತ್ತಿನ ಕಡೆಯ ಪಿಕಪ್ ತೆಗೆದು ಪ್ರತಿಸ್ಪರ್ಧಿ ಗಿಬ್ಸನ್‌ನದನ್ನು ಕೂರಿಸಿದೆ. ಮೂರು ಆಸರೆಯ ಹಳೆಯ ಬ್ರಿಜ್ ಹೋಗಿ, ತಂತಿಗೊಂದು ಆಸರೆಯ ಬ್ರಿಜ್ ಬಂದಿದೆ. ಅವರು ಅದನ್ನು ಐದೇ ತಂತಿಯಲ್ಲಿ ನುಡಿಸುತ್ತಾರೆ. ಆರನೆಯ ಆಸರೆಯನ್ನೂ ಬಿಚ್ಚಿ ತೆಗೆದಿದ್ದಾರೆ.