ಗ್ರಂಥಭಂಡಾರಗಳ ವಿದೇಶ ಸಹಕಾರ: ಹಣ, ಹೊಣೆ ಮತ್ತು ಶಾಸ್ತ್ರದಾನ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರನ್ನು ಸ್ವೀಕರಿಸುವ ಜೀವವು ದಾನಿಯ ಕಣ್ಣೆದುರಿಗೇ ಇರುತ್ತದೆ. ಶಾಸ್ತ್ರದಾನದ ರೀತಿ ಬೇರೆ. ಅದನ್ನು ಸ್ವೀಕರಿಸುವವನು ಇನ್ನೂ ಹುಟ್ಟದೆ ಇರುವವನಾಗಿರಬಹುದು; ಸಮುದ್ರದಾಚೆಯ ಅನ್ಯಭಾಷಿಕನೂ ಆಗಿರಬಹುದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿ ಕನ್ನಡ ನಾಡಿನ ಜೈನ ಮನೆಗಳಲ್ಲಿ ಸರ್ವವಿದಿತ. ಆ ಕಥೆಯನ್ನು ಭಕ್ತಿಯಿಂದ ಹೇಳುವವರು ಅದರಲ್ಲಿರುವ ಲೆಕ್ಕವನ್ನು ಗಮನಿಸುವುದು ಕಡಿಮೆ. ಓಲೆಯ ಬೆಲೆ, ಲಿಪಿಕಾರರ ಜೀವನ, ಸಾಗಣೆಯ ವೆಚ್ಚ, ಇವೆಲ್ಲವನ್ನೂ ಒಬ್ಬಳು ಹೊತ್ತಳು. ಪ್ರಯೋಜನ ಸಾವಿರ ಮನೆಗಳಿಗೆ ಸಂದಿತು. ಗ್ರಂಥವು ಉಳಿದದ್ದು ಹಾಗೆ.

ಇಂದು ಅದೇ ಕಾರ್ಯಕ್ಕೆ ಅಂತರರಾಷ್ಟ್ರೀಯ ಗ್ರಂಥಾಲಯ ಸಹಕಾರ ಎಂಬ ಹೆಸರು ಬಂದಿದೆ. ಓಲೆಗರಿಗಳ ಛಾಯಾಚಿತ್ರಣ, ಅಪೂರ್ವ ಮುದ್ರಿತ ಗ್ರಂಥಗಳ ಸಂರಕ್ಷಣೆ, ಸೂಚಿಗಳ ವಿನಿಮಯ, ಇವಕ್ಕೆ ಹೊರದೇಶದ ಸಂಸ್ಥೆಗಳೂ ನಿಧಿಗಳೂ ನೆರವಾಗುತ್ತವೆ. ಈ ವಿಷಯದಲ್ಲಿ ಸಮಾಜದಲ್ಲಿ ಎರಡು ಅತಿಗಳು ಕಾಣುತ್ತವೆ. ಜಿನವಾಣಿಯನ್ನು ಪರರ ಕೈಗೆ ಕೊಡುವುದೇ ದೋಷವೆಂದು ಬೀರುವಿಗೆ ಬೀಗ ಹಾಕುವವರು ಒಂದು ಕಡೆ. ಕೈಯಲ್ಲಿ ಒಂದು ಪಟ್ಟಿಯೂ ಇಲ್ಲದೆ, ವಿದೇಶದ ಹಣ ಬಂದರೆ ಎಲ್ಲವೂ ಸರಿಹೋಗುವುದೆಂದು ನಂಬುವವರು ಇನ್ನೊಂದು ಕಡೆ. ಆಗಿಹೋದ ಪ್ರಯತ್ನಗಳನ್ನು ಪರಿಶೀಲಿಸಿದರೆ ಎರಡೂ ನಿಲ್ಲುವುದಿಲ್ಲ.

ಬೆಂಗಳೂರಿನ ಹಳೆಯ ಬಡಾವಣೆಗಳೇ ಈ ವಿಚಾರಕ್ಕೆ ಒಳ್ಳೆಯ ಪೀಠಿಕೆ. ಚಾಮರಾಜಪೇಟೆಯಲ್ಲಿ ನೆಲೆಗೊಂಡಿರುವ ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದ್ದು ಅರಮನೆಯ ಆಶ್ರಯದಿಂದ, ವಿದ್ವಾಂಸರ ದುಡಿಮೆಯಿಂದ. ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸಂಸ್ಥೆಯನ್ನು 1945ರಲ್ಲಿ ಕಟ್ಟಿದವರು ಪಾರಸಿ ಮನೆತನದ ಬಿ. ಪಿ. ವಾಡಿಯಾ. ಅದೇ ವರ್ಷ ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಗ್ರಂಥಾಲಯ ವಿಜ್ಞಾನದಲ್ಲಿ ಜಗತ್ತೇ ಗೌರವಿಸಿದ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಮಲ್ಲೇಶ್ವರದಲ್ಲಿ ಕಳೆದು 1972ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ 1962ರಲ್ಲಿ ಈ ನಗರದಲ್ಲಿ ತೆರೆದ ಪ್ರಲೇಖನ ಸಂಶೋಧನ ಹಾಗೂ ತರಬೇತಿ ಕೇಂದ್ರಕ್ಕೆ ಅವರೇ ಜೀವಾಳ. ತಮ್ಮ ಉಳಿತಾಯದ 1 ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರೂ ಸೇರಿದ ಗ್ರಂಥಾಲಯ ವಿಜ್ಞಾನದ ಪೀಠವನ್ನು ಅವರು ನಿಲ್ಲಿಸಿದರು. ಹೊರಜಗತ್ತಿನೊಡನೆ ಸಮಾನರಾಗಿ ವ್ಯವಹರಿಸಿದ ಇಂಥವರು ಮೊದಲು ತಮ್ಮದನ್ನು ಕೊಟ್ಟವರು, ಕೇಳಿದ್ದು ಆಮೇಲೆ. ಗ್ರಂಥದ ಸಾರ್ಥಕ್ಯ ಅದರ ಬಳಕೆಯಲ್ಲಿದೆಯೆಂಬ ರಂಗನಾಥನ್ನರ ಮೊದಲ ತತ್ತ್ವಕ್ಕೂ ಶಾಸ್ತ್ರದಾನದ ಆಶಯಕ್ಕೂ ಅಂತರವಿಲ್ಲ.

ವಿದೇಶ ಸಹಕಾರದ ದೊಡ್ಡ ಉದಾಹರಣೆ ಅಮೆರಿಕದ ಪಬ್ಲಿಕ್ ಲಾ 480ರದು. 1954ರ ಆ ಕಾಯಿದೆಯಂತೆ ಭಾರತಕ್ಕೆ ಗೋಧಿ ಬಂದಿತು. ಭಾರತವು ಬೆಲೆಯನ್ನು ರೂಪಾಯಿಗಳಲ್ಲಿ ತೆತ್ತಿತು. ಆ ರೂಪಾಯಿಗಳು ಇಲ್ಲಿಯೇ ಅಮೆರಿಕದ ಖಾತೆಯಲ್ಲಿ ಜಮೆಯಾದವು. 1958ರ ತಿದ್ದುಪಡಿಯಿಂದ ಅವುಗಳಲ್ಲಿ ಒಂದು ಭಾಗವನ್ನು ಪುಸ್ತಕ ಖರೀದಿಗೆ ಬಳಸಲು ಅವಕಾಶವಾಯಿತು. 1962ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕಚೇರಿ ದೆಹಲಿಯಲ್ಲಿ ಆರಂಭವಾಗಿ, ಭಾರತದ ಎಲ್ಲ ಪ್ರಮುಖ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳುಹಿಸಿತು. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ಷಿಕಾಗೋ ಮೊದಲಾದೆಡೆ ಸೇರಿದ್ದು ಈ ಮಾರ್ಗದಿಂದ.

ವ್ಯಾಪಾರಿಯ ಕಣ್ಣಿಗೆ ಈ ಲೆಕ್ಕದ ವಿಶೇಷ ಥಟ್ಟನೆ ಹೊಳೆಯುತ್ತದೆ. ಗೋಧಿ ಉಂಡವನು ತೆತ್ತ ರೂಪಾಯಿಯೇ ಪುಸ್ತಕ ಕೊಂಡಿತು. ಪುಸ್ತಕ ಮಾತ್ರ ಸಮುದ್ರ ದಾಟಿತು. ಈ ಕಾರಣಕ್ಕೆ ಆ ಯೋಜನೆಯನ್ನು ಹಳಿಯುವವರುಂಟು. ಆದರೆ ಅಲ್ಲಿ ಬಲವಂತವಿರಲಿಲ್ಲ. ಪ್ರಕಾಶಕನಿಗೆ ಬೆಲೆ ಸಂದಿತು. ಪುಸ್ತಕಗಳಿಗೆ ಕ್ರಮವಾದ ಸೂಚಿ ತಯಾರಾಯಿತು. ರೂಪಾಯಿಯ ನಿಧಿ ಮುಗಿದ ಮೇಲೆ ಅಲ್ಲಿಯ ಗ್ರಂಥಾಲಯಗಳು ತಮ್ಮ ಡಾಲರುಗಳನ್ನು ಹಾಕಿ ಸಹಕಾರ ಖರೀದಿಯನ್ನು ಮುಂದುವರಿಸಿದವು. ನಿಜವಾದ ಕೊರತೆ ಈ ಕಡೆಯದು. ಅಷ್ಟು ಕೊಳ್ಳುತ್ತಿದ್ದ ಕಾಲದಲ್ಲಿ ಅದೇ ಪುಸ್ತಕಗಳ ಇನ್ನೊಂದು ಪ್ರತಿಯನ್ನು ಅದೇ ಶ್ರದ್ಧೆಯಿಂದ ಇಲ್ಲಿ ಕೂಡಿಡುವ ಏರ್ಪಾಡು ಆಗಲಿಲ್ಲ. ಪಾಲುದಾರಿಕೆಯೆಂದರೆ ಎರಡು ಕಡೆಯೂ ಪುಸ್ತಕ ಉಳಿಯಬೇಕು. ಒಂದೇ ಕಡೆ ಉಳಿದರೆ ಅದು ಬರಿಯ ಮಾರಾಟ.

ಎರಡನೆಯ ಉದಾಹರಣೆ ಬೆಂಗಳೂರಿನದೇ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅವರ ಪ್ರೇರಣೆಯ ಹತ್ತು ಲಕ್ಷ ಪುಸ್ತಕಗಳ ಯೋಜನೆಗೆ ಭಾರತದಲ್ಲಿ ಭಾರತೀಯ ವಿಜ್ಞಾನ ಮಂದಿರ ಕೇಂದ್ರವಾಯಿತು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂದು ಅದು ಹೆಸರಾಯಿತು. ಯಂತ್ರಗಳಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಹಣ ನೀಡಿತು. ದುಡಿಮೆಯನ್ನೂ ಪುಸ್ತಕಗಳನ್ನೂ ಭಾರತ ಒದಗಿಸಿತು. ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಇದು ಸಣ್ಣ ಸಾಧನೆಯಲ್ಲ. ಆದರೆ ಪುಟಗಳು ಬಿಟ್ಟುಹೋದವು, ಕೆಲವು ಮಸುಕಾದವು. ಕನ್ನಡ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಮನಬಂದಂತೆ ದಾಖಲಿಸಿದ್ದರಿಂದ ಇರುವ ಪುಸ್ತಕವೂ ಹುಡುಕುವವನಿಗೆ ಇಲ್ಲದಂತಾಯಿತು. ಕೃತಿಸ್ವಾಮ್ಯದ ತೊಡಕು ಎದ್ದು ಮೂಲ ತಾಣವೇ ಮುಚ್ಚಿತು. ಅದರ ಬಹುಭಾಗ ಇಂದು ದೊರೆಯುತ್ತಿರುವುದು ಇಂಟರ್‌ನೆಟ್ ಆರ್ಕೈವ್ ಎಂಬ ಅಮೆರಿಕದ ಸಂಸ್ಥೆಯಲ್ಲಿ ಪ್ರತಿಯಾಗಿ ಉಳಿದದ್ದರಿಂದ. ಹೆಸರುಗಳನ್ನು ಕನ್ನಡ ಲಿಪಿಗೆ ತಂದು ಹುಡುಕಲು ಬರುವಂತೆ ಮಾಡಲು ಸಂಚಯ ಬಳಗದ ತರುಣರು ಸಂಬಳವಿಲ್ಲದೆ ದುಡಿದರು. ಯಂತ್ರಕ್ಕೆ ಹಣ ದೊರಕಿತ್ತು. ಸೂಚಿ ಬರೆಯುವ ವಿದ್ವಾಂಸನಿಗೆ ದೊರಕಲಿಲ್ಲ. ಕೋಟಿಗಟ್ಟಲೆ ಹಣದ ಯೋಜನೆ ಸೊರಗಿದ್ದು ಈ ಸಣ್ಣ ಬಾಬತ್ತಿನಲ್ಲಿ.

ಇದಕ್ಕೆ ಹೋಲಿಸಿದರೆ ನೆರೆಯ ತಮಿಳುನಾಡಿನ ಒಂದು ಪ್ರಕರಣ ಹೆಚ್ಚು ವಿವೇಕದ್ದು. ಚೆಟ್ಟಿನಾಡಿನ ಕೋಟ್ಟೈಯೂರಿನ ರೋಜಾ ಮುತ್ತಯ್ಯ ಚೆಟ್ಟಿಯಾರರು ಜೀವನವಿಡೀ ಕೂಡಿಟ್ಟ ತಮಿಳು ಪುಸ್ತಕಗಳ ಭಂಡಾರವನ್ನು ಅವರ ನಿಧನದ ಬಳಿಕ, 1994ರಲ್ಲಿ, ಷಿಕಾಗೋ ವಿಶ್ವವಿದ್ಯಾಲಯ ಕೊಂಡಿತು. ಕೊಂಡರೂ ಹೊತ್ತೊಯ್ಯಲಿಲ್ಲ. ಭಂಡಾರವನ್ನು ಚೆನ್ನೈಯಲ್ಲಿಯೇ ಗ್ರಂಥಾಲಯವಾಗಿಸಿ, ಅಲ್ಲಿಯವರಿಂದಲೇ ನಡೆಸಿ, ಮೈಕ್ರೋಫಿಲ್ಮ್ ಪ್ರತಿಗಳನ್ನು ಮಾತ್ರ ಪಡೆಯಿತು. ಬ್ರಿಟಿಷ್ ಲೈಬ್ರರಿಯು ಆರ್ಕೇಡಿಯಾ ನಿಧಿಯ ನೆರವಿನಿಂದ 2004ರಿಂದ ನಡೆಸುತ್ತಿರುವ ಅಳಿವಿನಂಚಿನ ದಾಖಲೆಗಳ ಯೋಜನೆಯಲ್ಲಿಯೂ ಮೂಲಪ್ರತಿ ದೇಶ ಬಿಟ್ಟು ಹೋಗಕೂಡದೆಂಬುದೇ ನಿಯಮ. ಪ್ರತಿಬಿಂಬಗಳ ಒಂದು ಪ್ರತಿ ಲಂಡನ್ನಿಗೆ, ಇನ್ನೊಂದು ಸ್ಥಳೀಯ ಸಂಸ್ಥೆಗೆ. ಬೀರುವಿಗೆ ಬೀಗ ಹಾಕುವವರು ಈ ನಿಯಮವನ್ನು ಒಮ್ಮೆ ಓದುವುದು ಒಳಿತು. ಓಲೆ ಕೈಬಿಟ್ಟು ಹೋಗುವುದೆಂಬ ಅವರ ಭಯಕ್ಕೆ ಅಲ್ಲಿ ಉತ್ತರವಿದೆ.

ಜೈನ ಸಮಾಜದ್ದೇ ಆದ ಉದಾಹರಣೆಯೂ ಉಂಟು. ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಜೈನಾಲಜಿ ಎಂಬುದು ಅಲ್ಲಿ ನೆಲೆಸಿದ ಜೈನರ ಸಂಸ್ಥೆ. ಬ್ರಿಟಿಷ್ ಲೈಬ್ರರಿಯ ಜೈನ ಹಸ್ತಪ್ರತಿಗಳ ಸೂಚಿ ಮೂರು ಸಂಪುಟಗಳಲ್ಲಿ 2006ರಲ್ಲಿ ಹೊರಬಂದಿತು. ಅದರ ಪ್ರಕಟಣೆಯಲ್ಲಿ ಈ ಸಂಸ್ಥೆ ಪಾಲುದಾರನಾಯಿತು. ಬಳಿಕ ಜೈನ್‌ಪೀಡಿಯಾ ಎಂಬ ಯೋಜನೆಗೆ ಬ್ರಿಟಿಷ್ ಲೈಬ್ರರಿ, ಆಕ್ಸ್‌ಫರ್ಡಿನ ಬೋಡ್ಲಿಯನ್ ಮೊದಲಾದ ಭಂಡಾರಗಳನ್ನು ಜೊತೆಗೂಡಿಸಿ, ಅಲ್ಲಿಯ ಹೆರಿಟೇಜ್ ಲಾಟರಿ ನಿಧಿಯಿಂದ ಹಣ ಪಡೆಯಿತು. ಜೂಜಿನಿಂದ ಬಂದ ಹಣವನ್ನು ಜಿನಾಗಮಕ್ಕೆ ಬಳಸಬಹುದೇ ಎಂಬ ಪ್ರಶ್ನೆ ಶ್ರಾವಕನಿಗೆ ಏಳುವುದು ಸಹಜ. ದ್ಯೂತವು ಸಪ್ತವ್ಯಸನಗಳಲ್ಲಿ ಒಂದು. ಸರಕಾರ ಶಾಸನದ ಮೂಲಕ ಸಾರ್ವಜನಿಕ ಕಾರ್ಯಕ್ಕೆ ಮೀಸಲಿಟ್ಟ ಹಣವೆಂದು ಒಪ್ಪುವವರಿದ್ದಾರೆ. ಮೂಲ ಶುದ್ಧವಿಲ್ಲದ ದ್ರವ್ಯ ಬೇಡವೆಂಬುವವರೂ ಇದ್ದಾರೆ. ಎರಡನೆಯ ಪಕ್ಷದ ಮಾತು ಗೌರವಾರ್ಹ. ಆದರೆ ಅದನ್ನು ಆಡುವ ಟ್ರಸ್ಟು, ಬೇಡವೆಂದ ಹಣದ ಜಾಗದಲ್ಲಿ ತನ್ನ ಹಣವನ್ನು ಇಡಬೇಕು. ನಿರಾಕರಣೆಯೊಂದೇ ಉಳಿದು ಓಲೆ ಹುಳುವಿಗೆ ಆಹಾರವಾದರೆ ಆ ಶುದ್ಧಿಗೆ ಅರ್ಥವಿಲ್ಲ. ಅಲ್ಲದೆ ಜೈನ್‌ಪೀಡಿಯಾದಲ್ಲಿ ಪಶ್ಚಿಮ ಭಾರತದ ಶ್ವೇತಾಂಬರ ಪ್ರತಿಗಳದೇ ಮೇಲುಗೈ. ಕನ್ನಡ ನಾಡಿನ ದಿಗಂಬರ ಓಲೆಗರಿಗಳಿಗೆ ಅಂಥ ಪ್ರಯತ್ನ ಇನ್ನೂ ಕಾದಿದೆ.

ಕಾದಿದೆಯೆನ್ನುವಾಗ ಮೂಡಬಿದಿರೆಯ ಇತಿಹಾಸವನ್ನು ಮರೆಯಲಾಗದು. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮವೂ ವೀರಸೇನಾಚಾರ್ಯರ ಧವಲಾ ಟೀಕೆಯೂ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಉಳಿದಿದ್ದವು. ಶತಮಾನಗಳವರೆಗೆ ಯಾತ್ರಿಕರು ಅವುಗಳ ದರ್ಶನ ಪಡೆದರು, ಓದಿದವರಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರೂ ಸೊಲ್ಲಾಪುರದ ಹೀರಾಚಂದ್ ನೇಮಚಂದರೂ ಪ್ರತಿ ಮಾಡಿಸುವ ಯತ್ನಕ್ಕೆ ಮುಂದಾದರು. ಒಪ್ಪಿಗೆ ಪಡೆಯುವುದು, ಹಣ ಕೂಡಿಸುವುದು, ಲಿಪಿ ಬಲ್ಲವರನ್ನು ಹುಡುಕುವುದು, ಇವುಗಳಲ್ಲಿಯೇ ದಶಕಗಳು ಕಳೆದವು. ಕೊನೆಗೆ ವಿದಿಶೆಯ ಸೇಠ್ ಲಕ್ಷ್ಮೀಚಂದರ ದಾನದಿಂದ ನಿಂತ ನಿಧಿಯ ಬಲದಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಧವಲಾದ ಸಂಪುಟಗಳು ಹೊರಬಂದು, 16 ಸಂಪುಟಗಳಲ್ಲಿ ಪೂರ್ಣಗೊಂಡವು. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರೀಯ ಗ್ರಂಥಗಳ ಸೂಚಿಯನ್ನು ಕಾಶಿಯ ಭಾರತೀಯ ಜ್ಞಾನಪೀಠ 1948ರಲ್ಲಿ ಪ್ರಕಟಿಸಿತು. ವಿದೇಶದ ಒಂದು ಪೈಯೂ ಇಲ್ಲದೆ, ಓಲೆ ತುಳುನಾಡಿನದು, ಹಣ ವಿದಿಶೆ ಮುಂಬಯಿಗಳದು, ವಿದ್ವತ್ತು ಹಲವು ಪ್ರಾಂತಗಳದು ಎಂಬಂತೆ ನಡೆದ ಈ ಕಾರ್ಯವೇ ಸಹಕಾರಕ್ಕೆ ಆದರ್ಶ. ದೂರದ ಪಾಲುದಾರನನ್ನು ಅರಸುವವರು ಈ ಮಾದರಿಯನ್ನೇ ಹಿಗ್ಗಿಸಬೇಕು.

ಹಣದ ದಾರಿಗಳು ಇಂದು ಆಗಿನಷ್ಟು ಕಠಿನವಲ್ಲ. ಕೇಂದ್ರ ಸರಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025-26ರ ಮುಂಗಡಪತ್ರದಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳನ್ನು ಗುರಿಯಾಗಿಟ್ಟು ಜ್ಞಾನ ಭಾರತಂ ಯೋಜನೆಯನ್ನು ಸಾರಿತು. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಸಾರ್ವಜನಿಕ ಗ್ರಂಥಾಲಯಗಳ ಸ್ಥಾಪನೆಯೂ ಪರಂಪರೆಯ ರಕ್ಷಣೆಯೂ ಅದರ ಅನುಸೂಚಿಯಲ್ಲಿ ಸೇರಿವೆ. ವಿದೇಶದ ದೇಣಿಗೆಗೆ ಮಾತ್ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ ನೋಂದಣಿ ಅಥವಾ ಪೂರ್ವಾನುಮತಿ ಅನಿವಾರ್ಯ. 2020ರ ತಿದ್ದುಪಡಿಯಂತೆ ಅಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚ ಶೇಕಡ 20ನ್ನು ಮೀರಕೂಡದು. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ವರ್ಗಾಯಿಸಕೂಡದು. ಹಣವಷ್ಟೇ ಅಲ್ಲ, ಸಂಸ್ಥೆಗೆ ಕೊಡುಗೆಯಾಗಿ ಬರುವ ಯಂತ್ರವೂ ವಿದೇಶಿ ವಂತಿಗೆಯೇ. ಇದನ್ನು ಅರಿಯದೆ, ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದೆ, ವಿದೇಶಿ ಪೌರನಾದ ಬಂಧುವಿನಿಂದ ಸ್ಕ್ಯಾನರ್ ತರಿಸುವ ಟ್ರಸ್ಟು, ಸದುದ್ದೇಶವಿದ್ದೂ ಶಾಸನದ ದೃಷ್ಟಿಯಲ್ಲಿ ತಪ್ಪಿತಸ್ಥನಾಗುತ್ತದೆ.

ಇಷ್ಟು ದಾರಿಗಳಿದ್ದೂ ಕಾರ್ಯ ಸಾಗದಿರುವುದೇಕೆ? ಪಾಲುದಾರನು ಮೊದಲು ಕೇಳುವುದು ಮೂರು ಪ್ರಶ್ನೆ. ಏನಿದೆ? ಯಾರದು? ನಾಳೆ ಯಾರು ನೋಡಿಕೊಳ್ಳುತ್ತಾರೆ? ಬಹುಪಾಲು ಬಸದಿಗಳ, ಮನೆತನಗಳ ಸಂಗ್ರಹಗಳಲ್ಲಿ ಮೂರಕ್ಕೂ ಲಿಖಿತ ಉತ್ತರವಿಲ್ಲ. ಪಂಚಕಲ್ಯಾಣಕ್ಕೆ, ಅಮೃತಶಿಲೆಯ ನೆಲಹಾಸಿಗೆ ಉದಾರವಾಗಿ ಬರುವ ದ್ರವ್ಯದಲ್ಲಿ ಅತ್ಯಲ್ಪ ಭಾಗವನ್ನು ಹಳೆಯ ಲಿಪಿ ಓದಬಲ್ಲ ಒಬ್ಬ ವಿದ್ವಾಂಸನ ಎರಡು ವರ್ಷದ ವೇತನಕ್ಕೆ ಮೀಸಲಿಟ್ಟರೆ ಮೊದಲ ಉತ್ತರ ಸಿದ್ಧವಾಗುತ್ತದೆ. ಎರಡನೆಯದಕ್ಕೆ ಟ್ರಸ್ಟಿನ ಒಂದು ಠರಾವು ಸಾಕು. ಮೂರನೆಯದು ಕರಾರಿನ ವಿಷಯ: ಮೂಲ ಓಲೆ ಕದಲಕೂಡದು, ಪ್ರತಿಬಿಂಬದ ಒಂದು ಪೂರ್ಣ ಪ್ರತಿ ಮಾಲೀಕನಲ್ಲಿ ಉಳಿಯಬೇಕು, ಇನ್ನೊಂದು ನಾಡಿನ ಯಾವುದಾದರೂ ವಿದ್ಯಾಸಂಸ್ಥೆಯಲ್ಲಿ ಇರಬೇಕು, ಓದುಗನಿಗೆ ಶುಲ್ಕವಿಲ್ಲದೆ ದೊರೆಯಬೇಕು, ಸೂಚಿ ಕನ್ನಡ ಲಿಪಿಯಲ್ಲಿಯೂ ಇರಬೇಕು, ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು.

ಒಪ್ಪಿಗೆಯಿಲ್ಲದೆ ಚಿತ್ರ ತೆಗೆದು ಒಯ್ಯುವುದು ಅದತ್ತಾದಾನ. ಅದು ಅಚೌರ್ಯವ್ರತಕ್ಕೆ ಭಂಗ. ಯಾರೂ ಓದದಂತೆ ಕೂಡಿಡುವುದು ಪರಿಗ್ರಹ. ಉಮಾಸ್ವಾತಿಗಳು ಪರಿಗ್ರಹವನ್ನು ಅಳೆದದ್ದು ಮೋಹದಿಂದಲೇ ಹೊರತು ವಸ್ತುವಿನ ಎಣಿಕೆಯಿಂದಲ್ಲ. ಮೊದಲನೆಯ ದೋಷವನ್ನು ಹೊರಗಿನವರಲ್ಲಿ ಬೇಗ ಕಾಣುವ ಸಮಾಜ ಎರಡನೆಯದನ್ನು ತನ್ನಲ್ಲಿ ಕಾಣಬೇಕಾಗಿದೆ.

ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯು ಷಟ್ಖಂಡಾಗಮವು ಬರಹಕ್ಕಿಳಿದುದರ ಸ್ಮರಣೆ. ಆ ದಿನ ಗ್ರಂಥಗಳನ್ನು ಹೊರತೆಗೆದು, ಧೂಳು ಒರಸಿ, ಹೊಸ ವಸ್ತ್ರದಲ್ಲಿ ಕಟ್ಟಿ ಪೂಜಿಸುವ ಪದ್ಧತಿ ಇದೆ. ಕಟ್ಟನ್ನು ಬಿಚ್ಚಿದಾಗಲೇ ಗ್ರಂಥದ ಹೆಸರು, ಗರಿಗಳ ಸಂಖ್ಯೆ, ಲಿಪಿ, ಈಗಿನ ಸ್ಥಿತಿ ಎಂಬ ನಾಲ್ಕು ವಿವರಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲು ಪ್ರತಿಯೊಂದು ಬಸದಿಯ ಟ್ರಸ್ಟೂ ನಿರ್ಧರಿಸಲಿ. ಇದಕ್ಕೆ ವಿದೇಶದ ನಿಧಿ ಬೇಡ, ಯಂತ್ರ ಬೇಡ, ಅನುಮತಿ ಬೇಡ. ಆ ನೋಟುಪುಸ್ತಕವಿದ್ದ ಟ್ರಸ್ಟು ಲಂಡನ್ನಿನೊಡನೆಯಾಗಲಿ ಷಿಕಾಗೋದೊಡನೆಯಾಗಲಿ ಸಮಾನನಾಗಿ ಕುಳಿತು ಮಾತನಾಡಬಲ್ಲದು.