ತಾಯಿ ದಾಟಿದ ಹೊಸ್ತಿಲು

ತಾಯಿ-ಮಗಳ ಸಂಬಂಧವೆಂದೊಡನೆ ನಮಗೆ ನೆನಪಾಗುವುದು ವಾತ್ಸಲ್ಯ. ಆ ವಾತ್ಸಲ್ಯದ ಒಡಲಲ್ಲಿಯೇ ಹುದುಗಿರುವ ಮುನಿಸನ್ನು ಮೂರು ತಲೆಮಾರುಗಳವರೆಗೆ ಬೆನ್ನಟ್ಟಿ ಚಿತ್ರಿಸಿದವರು ಬಂಗಾಳಿ ಕಾದಂಬರಿಕಾರ್ತಿ ಆಶಾಪೂರ್ಣಾ ದೇವಿಯವರು (1909-1995).

ಉತ್ತರ ಕಲ್ಕತ್ತೆಯ ಸಂಪ್ರದಾಯನಿಷ್ಠ ಮನೆತನದಲ್ಲಿ ಜನಿಸಿದ ಅವರಿಗೆ ಶಾಲೆಯ ಮೆಟ್ಟಿಲು ಹತ್ತುವ ಅವಕಾಶ ದೊರೆಯಲಿಲ್ಲ. ಹೆಣ್ಣುಮಕ್ಕಳಿಗೆ ಶಾಲೆ ಸಲ್ಲದೆಂಬುದು ಅಜ್ಜಿಯ ಕಟ್ಟಪ್ಪಣೆ. ಸೋದರರು ಪಾಠ ಓದುವುದನ್ನು ಆಲಿಸುತ್ತಲೇ ಅವರು ಅಕ್ಷರ ಕಲಿತರು. ತಾಯಿ ಸರಳಾಸುಂದರಿ ದೇವಿಯವರು ಪುಸ್ತಕಪ್ರಿಯೆ. ಮಗಳಿಗೆ ಓದಿನ ರುಚಿ ಹತ್ತಿದ್ದು ಅವರಿಂದ. 1922ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಮೊದಲ ರಚನೆ ಬೆಳಕು ಕಂಡಿತು, 1924ರಲ್ಲಿ ವಿವಾಹವಾಯಿತು. ಹೆಣ್ಣಿನ ದಾರಿಗೆ ಅಡ್ಡ ನಿಂತವಳೂ ಹೆಣ್ಣೇ, ದಾರಿ ತೋರಿದವಳೂ ಹೆಣ್ಣೇ ಎಂಬ ಅನುಭವ ಅವರಿಗೆ ಬಾಲ್ಯದಲ್ಲಿಯೇ ಆಯಿತು.

ಜ್ಞಾನಪೀಠ ಪ್ರಶಸ್ತಿಗೆ (1976) ಪಾತ್ರವಾದ 'ಪ್ರಥಮ ಪ್ರತಿಶ್ರುತಿ' (1964) ಈ ಅನುಭವದ ಫಲ. ಮಗಳು ಸುವರ್ಣಳನ್ನು ಓದಿಸಬೇಕೆಂಬುದು ಸತ್ಯವತಿಯ ಹಂಬಲ. ಆದರೆ ಅತ್ತೆಯು ಆಕೆಗೆ ಸುಳಿವನ್ನೂ ಕೊಡದೆ ಒಂಬತ್ತರ ಹಸುಳೆಗೆ ಮದುವೆ ಮಾಡಿಸುತ್ತಾಳೆ. ನೊಂದ ಸತ್ಯವತಿ ಸಂಸಾರವನ್ನೇ ತೊರೆದು ಕಾಶಿಗೆ ಹೊರಡುತ್ತಾಳೆ.

ವಾಚಕರು ಇಲ್ಲಿ ಆಕೆಯ ಸ್ವಾಭಿಮಾನಕ್ಕೆ ತಲೆದೂಗುವುದು ಸಹಜ. ಆದರೆ ಆ ನಡೆಗೆ ತೆತ್ತ ಬೆಲೆಯ ಲೆಕ್ಕ ಮುಂದಿನ ಕಾದಂಬರಿ 'ಸುವರ್ಣಲತಾ'ದಲ್ಲಿದೆ. ಮನೆಬಿಟ್ಟು ಹೋದವಳ ಮಗಳೆಂಬ ಚುಚ್ಚುಮಾತು ಸುವರ್ಣಳಿಗೆ ಗಂಡನ ಮನೆಯಲ್ಲಿ ಬಾಳಿನುದ್ದಕ್ಕೂ ತಪ್ಪಲಿಲ್ಲ. ತಾಯಿಯನ್ನು ಆಕೆ ದೂರುತ್ತಾಳೆ, ತಾಯಿಗಾಗಿಯೇ ಹಂಬಲಿಸುತ್ತಾಳೆ. ಅನ್ಯಾಯವನ್ನು ಪ್ರತಿಭಟಿಸಿದವಳು ತಾಯಿ. ಅದನ್ನು ಅನುಭವಿಸಲು ಉಳಿದವಳು ಮಗಳು. ಈ ಇಕ್ಕಟ್ಟನ್ನು ಮರೆಮಾಚದಿರುವುದೇ ಲೇಖಕಿಯ ಪ್ರಾಮಾಣಿಕತೆ.

ಸುವರ್ಣ ಬರೆದ ಪುಸ್ತಕ ಮನೆಯವರ ಅಪಹಾಸ್ಯಕ್ಕೆ ಗುರಿಯಾಗಿ, ಆಕೆಯ ಕೈಯಿಂದಲೇ ಬೆಂಕಿಗೆ ಆಹುತಿಯಾಗುತ್ತದೆ. ತಾಯಿಯ ಅಂತರಂಗವನ್ನು ಬಕುಲ ಅರಿಯುವ ವೇಳೆಗೆ ತಾಯಿ ಇಲ್ಲ. ಮೂರನೆಯ ಕಾದಂಬರಿ 'ಬಕುಲ್ ಕಥಾ'ದಲ್ಲಿ ಈ ಮಗಳೇ ಲೇಖಕಿ.

'ಸುವರ್ಣಲತಾ'ದ ಗಂಡಸರು ಬಹುಮಟ್ಟಿಗೆ ಒಂದೇ ಬಣ್ಣದವರಾಗಿರುವುದು ಕೃತಿಯ ಕೊರತೆಯೆಂದೇ ನಮ್ಮ ಅಭಿಪ್ರಾಯ. ಆದರೂ ಕೃತಿಯ ಹಿರಿಮೆ ಕುಂದದು. ತಾಯಿ-ಮಗಳ ನಡುವಣ ಬಿರುಕಿಗೆ ಅವರಿಬ್ಬರ ಸ್ವಭಾವವನ್ನೇ ಹೊಣೆಮಾಡುವುದು ಲೋಕರೂಢಿ. ಇಬ್ಬರನ್ನೂ ಕೇಳದೆ ಅವರ ಬಾಳನ್ನು ನಿರ್ಧರಿಸಿದ ಕೈಗಳತ್ತ ಆಶಾಪೂರ್ಣಾ ದೇವಿಯವರು ನಮ್ಮ ದೃಷ್ಟಿಯನ್ನು ಹೊರಳಿಸುತ್ತಾರೆ. ಮೂರು ಕಾದಂಬರಿಗಳನ್ನೂ ಅನುಕ್ರಮವಾಗಿ ಓದಿರಿ. ಮೊದಲನೆಯದರಲ್ಲಿ ನಾವು ಕೊಟ್ಟ ತೀರ್ಪನ್ನು ಎರಡನೆಯದು ಮರುವಿಚಾರಣೆಗೆ ಕರೆಯುತ್ತದೆ.